ಚೌಕಕ್ಕೆ ಎರಡೇ ಬಣ್ಣ

ಅಪ್ಪ ಕೊಡಿಸಿದ್ದು ಯಾವುದೋ ಅದೇ ಶ್ರೇಷ್ಠ. 1980ರ ದಶಕದ ಇಂಗ್ಲೆಂಡಿನಲ್ಲಿ ಶಾಲೆಯ ಹುಡುಗರು ನಡೆಸುತ್ತಿದ್ದ ಕಂಪ್ಯೂಟರ್ ವಾದದ ಮೂಲ ತತ್ವ ಇಷ್ಟೇ. ಒಂದು ಕಡೆ ಸಿಂಕ್ಲೇರ್ ಸ್ಪೆಕ್ಟ್ರಮ್ ಪಕ್ಷ, ಎದುರಿಗೆ ಕಮೊಡೋರ್ 64 ಪಕ್ಷ. ಬಿಬಿಸಿ ಮೈಕ್ರೋ ಇದ್ದವರು ಸ್ವಲ್ಪ ದೂರದಲ್ಲಿ ಗಂಭೀರವಾಗಿ ನಿಂತಿರುತ್ತಿದ್ದರು. ಅದನ್ನು ಮನೆಗೆ ತಂದದ್ದು ಓದಿಗೆಂದು ಅಲ್ಲವೇ!

ಸ್ಪೆಕ್ಟ್ರಮ್, ಕಮೊಡೋರ್ ಎರಡೂ 1982ರವು. 48ಕೆ ಸ್ಪೆಕ್ಟ್ರಮ್‌ಗೆ 175 ಪೌಂಡ್. ಕಮೊಡೋರ್ ಬ್ರಿಟನ್ನಿನ ಅಂಗಡಿಗೆ ಬಂದಾಗ 399. ಇಷ್ಟು ಅಂತರವಿರುವ ಎರಡು ವಸ್ತುಗಳನ್ನು ಹೋಲಿಸುವುದೇ ತಪ್ಪು ಎಂದು ಯಾರಾದರೂ ಹಿರಿಯರು ಹೇಳಬಹುದಿತ್ತು. ಆದರೆ ಹಾಗೆ ನ್ಯಾಯ ನೋಡುತ್ತ ಕೂತರೆ ಊಟದ ಬಿಡುವು ಕಳೆಯುವುದು ಹೇಗೆ?

ನನ್ನ ಸೋದರಳಿಯನಿಗೆ ಒಮ್ಮೆ ಹಳೆಯ ಸ್ಪೆಕ್ಟ್ರಮ್ ಆಟವೊಂದನ್ನು ಲ್ಯಾಪ್‌ಟಾಪ್‌ನಲ್ಲಿ ತೋರಿಸಿದೆ. ಎರಡು ನಿಮಿಷ ನೋಡಿ, “ಮಾವ, ಇವನು ಗಿಡದ ಹತ್ತಿರ ಹೋದ್ರೆ ಯಾಕೆ ಹಸಿರಾಗ್ತಾನೆ?” ಅಂದ. ಆ ಯಂತ್ರದ ಚರಿತ್ರೆಯೆಲ್ಲ ಆ ಪ್ರಶ್ನೆಯಲ್ಲಿದೆ. ಪರದೆಯಲ್ಲಿ ಅಡ್ಡಕ್ಕೆ 256, ಉದ್ದಕ್ಕೆ 192 ಚುಕ್ಕಿ. ಚುಕ್ಕಿಗಳನ್ನು ಎಲ್ಲಿ ಬೇಕಾದರೂ ಇಡಿ, ತಕರಾರಿಲ್ಲ. ಬಣ್ಣಕ್ಕೆ ಬಂದಾಗ ಮಾತ್ರ ಸ್ಪೆಕ್ಟ್ರಮ್ ನ್ಯಾಯಬೆಲೆ ಅಂಗಡಿಯವನಾಗಿಬಿಡುತ್ತದೆ: ಎಂಟು ಚುಕ್ಕಿ ಅಗಲ, ಎಂಟು ಚುಕ್ಕಿ ಎತ್ತರದ ಒಂದು ಚೌಕಕ್ಕೆ ಎರಡೇ ಬಣ್ಣ, ಮೂರನೆಯದು ಕೇಳಬೇಡಿ. ಹಾಗಾಗಿ ಬಿಳಿ ನಾಯಕ ಹಸಿರು ಗಿಡದ ಚೌಕಕ್ಕೆ ಕಾಲಿಟ್ಟರೆ ಒಂದೋ ಅವನು ಹಸಿರಾಗಬೇಕು, ಇಲ್ಲವೇ ಗಿಡ ಬಿಳಿಯಾಗಬೇಕು.

ಇದು ಮಾಡಿದವರ ಪೆದ್ದುತನವಲ್ಲ, ಜಿಪುಣತನ. ಅದೂ ಲೆಕ್ಕವಿಟ್ಟು ಮಾಡಿದ ಜಿಪುಣತನ. ಚುಕ್ಕಿಗಳಿಗೆ 6,144 ಬೈಟ್, ಬಣ್ಣಗಳಿಗೆ 768 ಬೈಟ್, ಅಲ್ಲಿಗೆ ಪರದೆಯ ಸಂಸಾರ 6,912 ಬೈಟಿನಲ್ಲಿ ಮುಗಿಯುತ್ತದೆ. ಅದರ ಬದಲು ಒಂದೊಂದು ಚುಕ್ಕಿಗೂ ಹದಿನಾರರಲ್ಲಿ ತನಗೆ ಬೇಕಾದ ಬಣ್ಣ ಎಂದಿದ್ದರೆ 24 ಕಿಲೋಬೈಟ್ ಬೇಕಾಗುತ್ತಿತ್ತು. 125 ಪೌಂಡಿಗೆ ಮಾರಿದ 16ಕೆ ಸ್ಪೆಕ್ಟ್ರಮ್‌ನಲ್ಲಿ ಇದ್ದ ಒಟ್ಟು ಮೆಮೊರಿಯೇ ಅಷ್ಟಿರಲಿಲ್ಲ. ಯಂತ್ರದ ವಿದ್ಯುನ್ಮಾನ ವಿನ್ಯಾಸ ಮಾಡಿದ ರಿಚರ್ಡ್ ಆಲ್ಟ್‌ವಾಸರ್ ಉಳಿಸಿದ್ದು ಆ ಲೆಕ್ಕದಲ್ಲಿ.

ಉದಾರಿಯಾಗಲು ಹೊರಟದ್ದು ಬಿಬಿಸಿ ಮೈಕ್ರೋ. ಅದರ ಎಲ್ಲಕ್ಕಿಂತ ಹೆಚ್ಚು ಬಣ್ಣದ ಮೋಡ್ ಹಾಕಿದರೆ ಇದ್ದ 32 ಕಿಲೋಬೈಟಿನಲ್ಲಿ 20 ಪರದೆಗೇ ಹೋಯಿತು. ಉಳಿದದ್ದರಲ್ಲಿ ಆಟ ಬರೆಯಿರಿ ನೋಡೋಣ! ಡೇವಿಡ್ ಬ್ರೇಬನ್ ಮತ್ತು ಇಯಾನ್ ಬೆಲ್ 1984ರ ‘ಎಲೀಟ್’ ಆಟದಲ್ಲಿ ಇದಕ್ಕೊಂದು ಕಳ್ಳದಾರಿ ಹುಡುಕಿದರು. ಪರದೆಯನ್ನು ಟಿವಿ ಚಿತ್ರಿಸುತ್ತಿರುವಾಗಲೇ ಅರ್ಧದಲ್ಲಿ ಮೋಡ್ ಬದಲಿಸಿ, ಮೇಲೆ ಸಣ್ಣ ಗೆರೆಯ ಕಪ್ಪು ಬಿಳುಪು ಆಕಾಶ, ಕೆಳಗೆ ಬಣ್ಣದ ಮೀಟರುಗಳು. ಅಂದಹಾಗೆ, ಆ ವರ್ಷವೇ ಕೇಂದ್ರ ಸರ್ಕಾರದ ‘ಕ್ಲಾಸ್’ ಯೋಜನೆಯಲ್ಲಿ ನಮ್ಮ ದೇಶದ ಶಾಲೆಗಳಿಗೆ ಬಂದದ್ದೂ ಬಿಬಿಸಿಯೇ. ಇಲ್ಲಿ ಅದರ ಮುಂದೆ ಜಗಳವೆಲ್ಲಿ? ಚಪ್ಪಲಿ ಹೊರಗೆ ಬಿಟ್ಟು ಒಳಗೆ ಹೋಗುವ ಸನ್ನಿಧಿಯಲ್ಲಿ ಯಾರೂ ದನಿ ಎತ್ತುವುದಿಲ್ಲ.

ಕಮೊಡೋರ್‌ಗೆ ಬರೋಣ. ಆಲ್ ಶಾರ್ಪೆಂಟಿಯರ್ ಮುಂದಾಳಾಗಿ ರೂಪಿಸಿದ ವಿಐಸಿ-2 ಚಿಪ್ ಅದರ ಬಂಡವಾಳ. ಎಂಟು ಸ್ಪ್ರೈಟ್‌ಗಳನ್ನು, ಅಂದರೆ ಓಡಾಡುವ ಪುಟ್ಟ ಚಿತ್ರಗಳನ್ನು, ಅದು ಹಿನ್ನೆಲೆಯ ಮೇಲೆ ತಾನಾಗಿಯೇ ತೇಲಿಸುತ್ತದೆ. ಎಲ್ಲಿರಬೇಕೆಂದು ಹೇಳಿದರೆ ಸಾಕು. ನಾಯಕ ಗಿಡದ ಮುಂದೆ ಹಾದುಹೋದರೂ ಅವನ ಬಣ್ಣ ಅವನದೇ. ಪರದೆ ನುಣುಪಾಗಿ ಸರಿಯುವ ಏರ್ಪಾಡೂ ಚಿಪ್ಪಿನಲ್ಲೇ ಇತ್ತು. ಸ್ಪೆಕ್ಟ್ರಮ್‌ನಲ್ಲಿ ಇವೆಲ್ಲ ಪ್ರೊಸೆಸರ್ ಒಬ್ಬನ ಕೂಲಿ: ಅಳಿಸು, ಸರಿಸು, ಮತ್ತೆ ಬರೆ. ಈ ವಿಷಯದಲ್ಲಿ ವಾದಕ್ಕೇ ಜಾಗವಿಲ್ಲ, ಕಮೊಡೋರ್ ಗೆದ್ದಿತು.

ಸ್ಪೆಕ್ಟ್ರಮ್ ಹುಡುಗರು ಅಷ್ಟಕ್ಕೆ ಸುಮ್ಮನಾಗಲಿಲ್ಲ. ಕಮೊಡೋರ್‌ನ ಬಹುವರ್ಣದ ಮೋಡ್‌ನಲ್ಲಿ ಅಡ್ಡಕ್ಕೆ ಸಿಗುವುದು 160 ಚುಕ್ಕಿ ಮಾತ್ರ, ಒಂದೊಂದೂ ಎರಡರಷ್ಟು ಅಗಲ. ಬಣ್ಣ ಹದಿನಾರು ನಿಜ, ಆದರೆ ಅದರಲ್ಲಿ ಬೂದಿಯೇ ಮೂರು, ಜೊತೆಗೆ ಕಂದು. “ದಪ್ಪ ಚುಕ್ಕಿ, ಕೆಸರು ಬಣ್ಣ” ಎಂದು ಛೇಡಿಸಲು ಇಷ್ಟು ಸಾಲದೇ? ನನ್ನ ಕಣ್ಣಿಗೆ ಆ ಕೆಸರು ಹಿಡಿಸುತ್ತದೆ. ಸ್ಪೆಕ್ಟ್ರಮ್‌ನ ಕಣ್ಣು ಕುಕ್ಕುವ ಕೆನ್ನೀಲಿ ಮತ್ತು ತಿಳಿನೀಲಿಗಳ ನಡುವೆ ಅರ್ಧ ಗಂಟೆ ಕಳೆದವರಿಗೆ ಕಂದು ಬಣ್ಣದ ಬೆಲೆ ಗೊತ್ತು.

ಆದರೆ ‘ನೈಟ್ ಲೋರ್’ ನೋಡಿದರೆ ನಾನೂ ಪಕ್ಷ ಬದಲಿಸುತ್ತೇನೆ. 1984ರಲ್ಲಿ ಅಲ್ಟಿಮೇಟ್ ಸಂಸ್ಥೆ ಮಾಡಿದ ಆ ಆಟದಲ್ಲಿ ಕಪ್ಪಿನ ಮೇಲೆ ಒಂದು ಕೋಣೆಗೆ ಒಂದೇ ಬಣ್ಣ. ಎರಡರ ಪಡಿಯಲ್ಲಿ ಒಂದನ್ನು ಕಪ್ಪಿಗೇ ಕೊಟ್ಟುಬಿಟ್ಟರೆ ಬಣ್ಣ ಬಣ್ಣಕ್ಕೆ ಅಂಟುವ ಪ್ರಶ್ನೆಯೇ ಇಲ್ಲ! ಆ ನೆಮ್ಮದಿಯಲ್ಲಿ ಅವರು ಕಲ್ಲಿನ ಕೋಣೆಗಳನ್ನು ಮೂಲೆಯಿಂದ ಕಂಡ ಹಾಗೆ, ಆಳ ಅಗಲ ಎತ್ತರ ಸಮೇತ ಬಿಡಿಸಿದರು. ಸಣ್ಣ ಚುಕ್ಕಿಯ ಲಾಭ ಅಲ್ಲಿ ಕಾಣುತ್ತದೆ.

ಇನ್ನು ಈ ಕಾಳಗಕ್ಕೆ ಗಾಳಿ ಹಾಕಿದವರ ವಿಚಾರ. ಸ್ಪೆಕ್ಟ್ರಮ್ ಪಕ್ಷದ ಪತ್ರಿಕೆ ‘ಕ್ರ್ಯಾಶ್’, ಕಮೊಡೋರ್ ಪಕ್ಷದ್ದು ‘ಜ್ಯಾಪ್! 64’. ಎರಡನ್ನೂ ಹೊರತರುತ್ತಿದ್ದುದು ಲಡ್ಲೋ ಎಂಬ ಸಣ್ಣ ಊರಿನ ನ್ಯೂಸ್‌ಫೀಲ್ಡ್ ಎಂಬ ಒಂದೇ ಸಂಸ್ಥೆ. ಎರಡರ ಮುಖಪುಟಗಳನ್ನೂ ಬರೆಯುತ್ತಿದ್ದವರು ಆಲಿವರ್ ಫ್ರೇ. ಅವರ ಬಳಿ ಕುಂಚವಿತ್ತು. ಒಂದು ಚೌಕಕ್ಕೆ ಎಷ್ಟು ಬಣ್ಣ ಎಂದು ಅವರನ್ನು ಯಾರೂ ಕೇಳುತ್ತಿರಲಿಲ್ಲ.