ಸತ್ತ ಅಜ್ಜಿ ಕುಡಿದ ಚಹಾ

ತಾನು ಬರೆದ ಕಥೆಯನ್ನು ಗೆಳೆಯರೆದುರು ಓದಿ ಮುಗಿಸಿದವನ ಮುಖ ನೋಡಬಾರದು. ಕನ್ಯೆ ನೋಡಲು ಬಂದವರ ಮುಂದೆ ಉಪ್ಪಿಟ್ಟಿನ ತಟ್ಟೆ ಇಟ್ಟು ನಿಂತ ಹುಡುಗಿಯ ಅಪ್ಪನ ಮುಖವೇ ಅದು. ಕೇಳಿದವರು ‘ಚೊಲೋ ಅದ’ ಎಂದು ಅಲ್ಲಿಗೇ ಬಿಟ್ಟರೆ, ಗಂಡಿನ ಕಡೆಯವರು ‘ಊರಿಗೆ ಹೋಗಿ ಪತ್ರಾ ಬರೀತೀವ್ರಿ’ ಅಂದಂತೆಯೇ. ಉಪ್ಪಿಟ್ಟು ಖರ್ಚಾಯಿತು, ಅಷ್ಟೇ.

ಧಾರವಾಡದಲ್ಲಿ ಭಾನುವಾರ ಸಂಜೆ ಕೂಡುತ್ತಿದ್ದ ನಮ್ಮ ಬಳಗದಲ್ಲಿ ಹೀಗೆ ಪತ್ರ ಬರೆಯುವ ಮಂದಿಯೇ ಹೆಚ್ಚು. ಅದಕ್ಕೆ ಅಪವಾದವೆಂದರೆ ನಿವೃತ್ತ ಮಾಸ್ತರರೊಬ್ಬರು. ಅವರ ಜೇಬಿನಲ್ಲಿ ಒಂದು ಮೋಟು ಪೆನ್ಸಿಲ್ ಇರುತ್ತಿತ್ತು. ಪೆನ್ನು ಯಾಕಿಲ್ಲ ಅಂದರೆ, “ಸರ್ವಿಸ್ ಪೂರ್ತಿ ಕೆಂಪು ಮಸಿ ಸುರದೇನ್ರಿ. ಒಬ್ಬನೂ ಸುಧಾರಿಸಲಿಲ್ಲ” ಅನ್ನುತ್ತಿದ್ದರು.

ಒಮ್ಮೆ ಬ್ಯಾಂಕಿನ ಗೆಳೆಯ ಕಥೆ ಓದಿದ. ಎಲ್ಲರೂ ಗಿರ್ಮಿಟ್ಟಿನ ಕಡೆ ಕೈ ಚಾಚುವಷ್ಟರಲ್ಲಿ ಮಾಸ್ತರರು ಮೆಲ್ಲಗೆ ಕೇಳಿದರು: “ಅಜ್ಜಿ ಎರಡನೇ ಪುಟದಾಗ ತೀರಿಕೊಂಡಾಳ. ಐದನೇ ಪುಟದಾಗ ಚಹಾ ಕುಡೀಲಿಕ್ಕತ್ತಾಳ. ಸಕ್ಕರಿ ಎಷ್ಟು ಹಾಕೂಣ್ರಿ?”

ಗೆಳೆಯ ಬ್ಯಾಂಕಿನವನಲ್ಲವೇ, ಲೆಕ್ಕ ಸರಿತೂಗಿಸುವುದು ಬಲ್ಲ. “ಅದು ಮಾಂತ್ರಿಕ ವಾಸ್ತವರೀ” ಎಂದುಬಿಟ್ಟ. ಮಾಸ್ತರರು ನಗಲೂ ಇಲ್ಲ, ವಾದಕ್ಕೂ ನಿಲ್ಲಲಿಲ್ಲ. “ಹಂಗಾದ್ರ ಚಹಾ ಕೊಟ್ಟ ಸೊಸಿಗೆ ಒಂದೀಟು ಗಾಬರಿ ಆಗಲಿ” ಎಂದರು. ಮುಂದಿನ ವಾರ ಸೊಸೆಯ ಕೈಯಿಂದ ಕಪ್ಪು ಬಸಿ ಬಿದ್ದು ಒಡೆಯಿತು, ಅಜ್ಜಿ ಎಂದಿನಂತೆ ಬೈದಳು, ಸೊಸೆ ಎಂದಿನಂತೆ ತಿರುಗಿ ಮಾತಾಡಿದಳು. ಅವನು ಬರೆದದ್ದರಲ್ಲೆಲ್ಲ ಓದಿಸಿಕೊಂಡ ಕಥೆ ಅದೊಂದೇ.

ನಮ್ಮಲ್ಲೊಬ್ಬ ಅಕ್ಕ ಇದ್ದರು. ಅವರಿಗೆ ವಿಮರ್ಶೆಯ ಪರಿಭಾಷೆ ಒಂದೂ ಬರುತ್ತಿರಲಿಲ್ಲ, ಪುಣ್ಯಕ್ಕೆ. ತಂದೆಯ ಸಾವಿನ ಕುರಿತು ನಾನು ಬರೆದದ್ದನ್ನು ಕೇಳಿ ಅವರು ಅಂದದ್ದು: “ಇಲ್ಲಿ ನನಗ ಅಳು ಬಂತಪ್ಪಾ. ಮುಂದಿನ ಸಾಲಿನಾಗ ನೀನ ಅಳಲಿಕ್ಕೆ ಸುರು ಮಾಡಿದಿ, ನಾ ಸುಮ್ಮನಾದೆ.” ಇದನ್ನೇ ಯಾವುದಾದರೂ ವಿಚಾರ ಸಂಕಿರಣದಲ್ಲಿ ಹೇಳಲು ಮೂರು ಗೋಷ್ಠಿ, ಒಂದು ಊಟ ಬೇಕಾಗುತ್ತಿತ್ತು.

ಈ ಊರಿನ ಗಾಳಿಯೇ ಹಾಗೋ ಏನೋ. ಜಿ.ಬಿ. ಜೋಶಿಯವರು 1933ರಲ್ಲಿ ಶುರುಮಾಡಿದ ಮನೋಹರ ಗ್ರಂಥಮಾಲೆ ಪ್ರಕಾಶನದ ಅಟ್ಟ ಇರುವುದು ಇಲ್ಲೇ, ಸುಭಾಸ ರಸ್ತೆಯಲ್ಲಿ. ಅಲ್ಲಿ ಕೂತು ಮಾತಾಡಿದ ವಿಮರ್ಶಕ ಕೀರ್ತಿನಾಥ ಕುರ್ತಕೋಟಿಯವರು, ಕನ್ನಡದ ಐತಿಹಾಸಿಕ ನಾಟಕಗಳಲ್ಲಿ ಸತ್ವ ಸಾಲದು ಎಂಬ ದೂರನ್ನೂ ಎತ್ತಿದ್ದರು. ಅದನ್ನು ಮನಸ್ಸಿಗೆ ಹಚ್ಚಿಕೊಂಡ ಗಿರೀಶ ಕಾರ್ನಾಡರು ‘ತುಘಲಕ್’ ಬರೆದರು; 1964ರಲ್ಲಿ ಅದು ಪುಸ್ತಕವಾಯಿತು. ಹಾಗೆ ಬರೆಯಿರಿ, ಹೀಗೆ ಬರೆಯಿರಿ ಎಂದು ಕುರ್ತಕೋಟಿಯವರೇನೂ ಪಟ್ಟಿ ಕೊಟ್ಟಿರಲಿಲ್ಲ. ಇಲ್ಲದ್ದು ಯಾವುದೆಂದು ತೋರಿಸಿದ್ದರು. ನಮ್ಮ ಬಳಗಕ್ಕೆ ಅಂಥ ದೂರು ಬಂದಿದ್ದರೆ ಒಂದು ಉಪಸಮಿತಿ ರಚಿಸಿ ಚಹಾ ಕುಡಿದು ಏಳುತ್ತಿದ್ದೆವು.

ಈಗ ಬಳಗ ಫೋನಿನೊಳಗೆ ಸೇರಿಕೊಂಡಿದೆ. ಉದ್ದನೆಯ ಕಥೆ ಕಳಿಸಿದರೆ, ತೆರೆದು ಕೂಡ ನೋಡಿರಲಾರರು ಅನ್ನುವಷ್ಟು ಬೇಗ ಗುಲಾಬಿ, ಚಪ್ಪಾಳೆ, ಮುಗಿದ ಕೈಗಳು ಬರುತ್ತವೆ. ಆ ಮುಗಿದ ಕೈ ಮೆಚ್ಚುಗೆಯದೋ, ಸಾಕು ಮಾರಾಯ ಎಂಬ ಬೇಡಿಕೆಯದೋ ತಿಳಿಯದೆ ಒದ್ದಾಡಿದ್ದೇನೆ. ಅಕ್ಕ ಮಗನೊಂದಿಗೆ ಪುಣೆಗೆ ಹೋದರು. ಬ್ಯಾಂಕಿನವನು ನಿವೃತ್ತಿಯಾದ ಮೇಲೆ ಮ್ಯೂಚುವಲ್ ಫಂಡಿನ ಬಗ್ಗೆ ಬರೆಯುತ್ತಾನೆ. ಅಲ್ಲಿ ಸತ್ತದ್ದು ಮತ್ತೆ ಏಳುವುದಿಲ್ಲವಂತೆ.

ಮಾಸ್ತರರಿಗೆ ಕಣ್ಣು ಮಂಜು, ಪೆನ್ಸಿಲ್ ಮೊಮ್ಮಗನ ಪಾಲಾಗಿದೆ. ಹಾಗಾಗಿ ನಾನು ಫೋನಿನಲ್ಲೇ ಓದಿ ಹೇಳುತ್ತೇನೆ. ಮೊನ್ನೆ ಹೊಸದೊಂದನ್ನು ಓದುತ್ತಿದ್ದಾಗ ನಡುವೆ ತಡೆದರು.

“ಆ ಬಾಗಿಲಾ ಎರಡು ಸಲ ತಗದ್ರಿ. ಒಮ್ಮೆನೂ ಹಾಕಲಿಲ್ಲ.”

“ಹಾಕ್ತೀನ್ರೀ ಸರ.”

“ಹಾಕಬ್ಯಾಡ್ರಿ, ಹಂಗ ಇರಲಿ. ಯಾರರ ಒಳಗ ಬರಲಿ. ಕತಿಯೊಳಗ ಮಂದೀನ ಇಲ್ಲ.”