ಮುದ್ರೆ ಓದುವ ಸುಖ

ಹಳೆಯ ರೈಫಲ್ಲು ಕಂಡರೆ ಹೆಚ್ಚಿನವರ ಕಣ್ಣು ನಳಿಗೆಯ ತುದಿಗೆ ಹೋಗುತ್ತದೆ. ನನ್ನದು ಬೋಲ್ಟಿನ ಹಿಡಿಯ ಕೆಳಗೆ, ಮರದ ಬಟ್ಟು ಉಕ್ಕಿಗೆ ಕೂಡುವ ಜಾಗಕ್ಕೆ ಇಳಿಯುತ್ತದೆ. ನಮ್ಮೂರುಗಳ ಪೊಲೀಸರ ಹೆಗಲ ಮೇಲೆ ದಶಕಗಟ್ಟಲೆ ಓಡಾಡಿದ ಲೀ-ಎನ್‌ಫೀಲ್ಡಿನ, ಅಂದರೆ ತ್ರೀ ನಾಟ್ ತ್ರೀಯ ಜಾತಕ ಇರುವುದು ಅಲ್ಲಿಯೇ. ಮೇಲೊಂದು ಕಿರೀಟ, ಅರಸನ ಹೆಸರಿನ ಅಕ್ಷರಗಳು, ಕಾರ್ಖಾನೆ, ಇಸವಿ, ಮಾದರಿ. ಎಣ್ಣೆಯ ಜಿಡ್ಡೊರೆಸಿ ಬೆಳಕನ್ನು ಓರೆಯಾಗಿ ಬಿಟ್ಟರೆ ಒಂದೊಂದೇ ಅಕ್ಷರ ಮೇಲೇಳುತ್ತದೆ. ಆ ಹೊತ್ತಿನ ಸುಖಕ್ಕೆ ಅವಸರವೇ ಶತ್ರು.

ಜಿ.ಆರ್. ಎಂದಷ್ಟೇ ಇದ್ದರೆ ಅದು ಹೆಚ್ಚಾಗಿ ಜಾರ್ಜ್ ದೊರೆಯ ಇಂಗ್ಲೆಂಡಿನದು. ಕೊನೆಗೊಂದು ಐ ಸೇರಿ ಜಿ.ಆರ್.ಐ. ಆದರೆ ಅವನನ್ನು ಚಕ್ರವರ್ತಿ ಎಂದು ಕರೆಯಬೇಕಾಗಿದ್ದ ಇಂಡಿಯಾದ್ದು, ಹೂಗ್ಲಿ ದಂಡೆಯ ಇಶಾಪುರದ ಕಾರ್ಖಾನೆಯದು. ಸ್ವಾತಂತ್ರ್ಯದ ನಂತರ ಅದೇ ಕಾರ್ಖಾನೆಯಲ್ಲಿ, ಅದೇ ಜಾಗದಲ್ಲಿ, ಕಿರೀಟ ಹೋಗಿ ಅಶೋಕನ ಸಿಂಹಗಳು ಬಂದು ಕೂತವು. ಮಾರ್ಕ್ 3ರ ಪಕ್ಕ ಪುಟ್ಟ ನಕ್ಷತ್ರ ಕಂಡರೆ ಅದು ಮೊದಲನೆಯ ಮಹಾಯುದ್ಧದ ಆತುರದ ಗುರುತು: ಬೇಗ ಬೇಗ ತಯಾರಾಗಲೆಂದು ದೂರದ ಗುರಿಗಿದ್ದ ಹೆಚ್ಚುವರಿ ಸೈಟನ್ನೂ ಮ್ಯಾಗಜೀನಿಗಿದ್ದ ಅಡ್ಡತಡೆಯನ್ನೂ ಕೈಬಿಟ್ಟ ಮಾದರಿ.

ಆಮೇಲೆ ನಂಬರುಗಳು. ಬಾಡಿಯ ಮೇಲಿನ ನಂಬರೇ ಬೋಲ್ಟಿನ ಹಿಡಿಯ ಮೇಲೂ ಇದ್ದರೆ ಇಬ್ಬರೂ ಒಟ್ಟಿಗೆ ಬಾಳಿದವರು. ಹಳೆಯ ನಂಬರಿಗೆ ಗೀಟೆಳೆದು ಪಕ್ಕದಲ್ಲಿ ಹೊಸದನ್ನು ಹೊಡೆದಿದ್ದರೆ, ಎಲ್ಲೋ ಒಂದು ಬಂದೂಕು ರಿಪೇರಿಯ ಆರ್ಮರರ್ ಶೆಡ್ಡಿನಲ್ಲಿ ಮರುಮದುವೆ ನಡೆದಿದೆ. ಎಫ್.ಟಿ.ಆರ್. ಎಂಬ ಮೂರು ಅಕ್ಷರ, ಜೊತೆಗೊಂದು ಇಸವಿ ಸಿಕ್ಕಿದರೆ ಪೂರ್ತಿ ಬಿಚ್ಚಿ ಸರಿಮಾಡಿದ ವರ್ಷ ಅದು. ಬಟ್ಟಿನ ಬಲಗಡೆ ಹಿತ್ತಾಳೆಯ ಬಿಲ್ಲೆ ಉಳಿದಿದ್ದರೆ ರೆಜಿಮೆಂಟಿನ ಗುರುತೇ ದೊರೆತಂತೆ. ಕೆಲವು ಬಿಲ್ಲೆಗಳನ್ನು ತಿರುಗಿಸಿದರೆ ಬೆನ್ನಲ್ಲಿ ಇನ್ನೊಂದು ಹಳೆಯ ಪಲ್ಟನ್ನಿನ ಗುರುತು. ಇಂಡಿಯಾದಲ್ಲಿ ಬದುಕಿದ ರೈಫಲ್ಲುಗಳ ಮುಂದಿನ ಮರಕ್ಕೆ ಅಡ್ಡಲಾಗಿ ಒಂದು ಸ್ಕ್ರೂ ಹಾಯ್ದಿರುವುದುಂಟು. ನಮ್ಮ ಬಿಸಿಲಿಗೆ ಮರ ಸೀಳದಿರಲೆಂದು ಇಶಾಪುರದವರು ಹಾಕಿದ್ದು. ಗ್ರೆನೇಡ್ ಹಾರಿಸಲು ಗೊತ್ತುಮಾಡಿದವುಗಳಿಗೆ ತಾಮ್ರದ ತಂತಿಯ ಸುತ್ತು.

ದೇಶಗಳನ್ನೇ ದಾಟಿದವೂ ಇವೆ. 1917ರಲ್ಲಿ ಸ್ವತಂತ್ರವಾದ ಫಿನ್‌ಲೆಂಡ್ ತನ್ನ ಮೋಸಿನ್-ನಾಗಾಂತ್ ರೈಫಲ್ಲುಗಳನ್ನು ಕಟ್ಟಿದ್ದು ರಷ್ಯಾದ ಹಳೆಯ ರಿಸೀವರುಗಳ, ಅಂದರೆ ಬಾಡಿಗಳ ಮೇಲೆ. ಎಂ39 ಮಾದರಿಯ ನಳಿಗೆ 1940ರ ದಶಕದ್ದಿರಬಹುದು. ಮರ ಬಿಚ್ಚಿ ರಿಸೀವರಿನ ಬಾಲದ ಅಡಿಯನ್ನು ನೋಡಿದರೆ 1890ರ ದಶಕದ ಇಸವಿ ಸಿಗುವುದುಂಟು. ಮೇಲೆ ಚೌಕದೊಳಗೆ ಫಿನ್ನಿಶ್ ಸೇನೆಯ ಎಸ್.ಎ. ಮುದ್ರೆ, ಒಳಗೆ ಝಾರನ ಕಾಲ. ಝಾರನ ಆಳ್ವಿಕೆಯಲ್ಲಿ ಎರಕವಾದ ಉಕ್ಕನ್ನು ಹಿಡಿದು ಫಿನ್ನರು ಅದೇ ರಷ್ಯಾದ ಮೇಲೆ ಕಾದಿದ್ದಾರೆ.

ಇಷ್ಟೆಲ್ಲ ಓದಿದವನಿಗೆ ನಿಧಾನವಾಗಿ ಒಂದು ಸಂಗತಿ ಹೊಳೆಯುತ್ತದೆ. ಈ ಮುದ್ರೆಗಳಲ್ಲಿ ಕಾಳಗವೇ ಇಲ್ಲ. ಪರೀಕ್ಷಿಸಿದವನ ಗುರುತಿದೆ, ದುರಸ್ತಿ ಮಾಡಿದವನದಿದೆ, ಒಪ್ಪಿಸಿಕೊಂಡವನದಿದೆ. ಹೊತ್ತು ನಡೆದ ಸಿಪಾಯಿಯ ಹೆಸರು ಮಾತ್ರ ಇಲ್ಲ. ಸ್ವಿಸ್ ಕೆ31 ರೈಫಲ್ಲಿನ ಬಟ್ಟಿನ ತಗಡು ಕಳಚಿದಾಗ ಕೆಲವೊಮ್ಮೆ ಹೆಸರು, ತುಕಡಿ ಬರೆದ ಚೀಟಿ ಸಿಗುವುದು ಅಪರೂಪದ ಭಾಗ್ಯ. ಹಾಗಾಗಿ 1915ರ ಎನ್‌ಫೀಲ್ಡ್ ತೋರಿಸಿ ಇದು ಗಲ್ಲಿಪೋಲಿ ಕಾಳಗ ಕಂಡದ್ದು ಎನ್ನುವವರ ಮಾತಿಗೆ ನಾನು ತಲೆದೂಗಲಾರೆ. ಇಸವಿ ಹುಟ್ಟನ್ನು ಹೇಳುತ್ತದೆ, ಹೋದ ದಾರಿಯನ್ನಲ್ಲ. ಬಿಲ್ಲೆಯೋ ದಾಖಲೆಯೋ ಜೊತೆಗೂಡದೆ ಅಷ್ಟು ದೂರ ಹೋಗುವುದು ಸತ್ತವರ ಹೆಸರಿನಲ್ಲಿ ಕತೆ ಕಟ್ಟಿದಂತೆ.

ಕೊನೆಗೆ ಸವೆದು ಗುಂಡು ಹಾರಿಸಲು ಬಾರದಂತಾದಾಗ ಡಿ.ಪಿ. ಎಂದು ಹೊಡೆದು ಡ್ರಿಲ್ಲಿಗೆ ಬಿಡುತ್ತಿದ್ದರು. ಎನ್.ಸಿ.ಸಿ. ಮೈದಾನಗಳಲ್ಲಿ ಎಷ್ಟೋ ಹುಡುಗರು ಸಲಾಮಿ ಶಸ್ತ್ರ ಕಲಿತದ್ದು ಇಂಥವುಗಳಿಂದಲೇ. ನನಗೆ ಆ ಎರಡಕ್ಷರವೂ ಪ್ರಿಯ. ಸೇನೆಯ ಇತಿಹಾಸವೆಂದರೆ ಗುಂಡು ಹಾರಿದ ಗಳಿಗೆಗಳೇ ಎಂದು ನಾವು ಓದುತ್ತ ಬಂದಿದ್ದೇವೆ. ರೈಫಲ್ಲು ತನ್ನ ಮೈಮೇಲೆ ಬರೆಸಿಕೊಂಡಿರುವುದು ಆ ಗಳಿಗೆಗಳ ನಡುವಿನ ಉದ್ದನೆಯ ವರ್ಷಗಳನ್ನು, ಅರ ಹಿಡಿದು ಎಣ್ಣೆ ಸವರಿ ಅದನ್ನು ಕಾಯ್ದ ಕೈಗಳನ್ನು. ಯಾವ ಶಾಸನವೂ ನೆನೆಯದ ಆ ಆರ್ಮರರುಗಳಿಗೆ ಸಿಕ್ಕಿರುವ ಏಕೈಕ ಶಾಸನ ಅದು. ಅದನ್ನು ಓದಲು ಕಲಿಯುವುದು ಅವರಿಗೆ ನಾವು ಸಲ್ಲಿಸಬಹುದಾದ ಗೌರವ.