ಬೀಸಣಿಗೆಯ ಅಹವಾಲು

ಮೃಗಶಿರೆಯ ಮಳೆ ಹಿಡಿದು, ಬೈತಖೋಲದ ಯಾಂತ್ರಿಕ ದೋಣಿಗಳೆಲ್ಲ ದಡ ಸೇರಿ, ಕಪಾಟಿನ ಪುಸ್ತಕಗಳು ಒದ್ದೆಯ ವಾಸನೆ ಬೀರತೊಡಗಿದ ಮೇಲೆ, ಕಾರವಾರದ ನನ್ನ ಮೇಜಿಗೆ ಪರಿಚಿತರ ಲ್ಯಾಪ್‌ಟಾಪುಗಳು ಒಂದೊಂದಾಗಿ ಬಂದು ಸೇರುವುದು ವಾಡಿಕೆ. ಎಲ್ಲದರ ವ್ಯಾಧಿಯೂ ಒಂದೇ: ಒಳಗಿನ ಫ್ಯಾನು ಎಡೆಬಿಡದೆ ತಿರುಗುವುದು, ತಿರುಗುವಾಗ ಮೊರೆಯುವುದು. ಈ ಮೊರೆತದ ಮೂಲವನ್ನು ಅರಸುತ್ತ ಕೂರುವುದರಲ್ಲಿ ನನಗಾಗುವ ಸಂತೋಷವು, ನಾಲ್ಕು ದಶಕಗಳ ಕಾಲ ರಸಾಯನಶಾಸ್ತ್ರವನ್ನು ಬೋಧಿಸಿ ವಿಶ್ರಾಂತನಾದ ಈ ವಯಸ್ಸಿನಲ್ಲಿ, ಬೇರಾವ ವಿನೋದದಿಂದಲೂ ದೊರೆತದ್ದಿಲ್ಲ.

ಆದರೆ ಮೊನ್ನೆ ಅಂಕೋಲೆಯ ಮಿತ್ರರೊಬ್ಬರು ತಂದ ಯಂತ್ರದ ತಳವನ್ನು ಬಿಚ್ಚಿದೊಡನೆ ತೆಂಗಿನೆಣ್ಣೆಯ ಕಮಟು ಮೂಗಿಗೆ ಅಡರಿತು. "ಮಾಸ್ತರ್ರೇ, ಎರಡು ಹನಿ ಬಿಟ್ರೆ ಸದ್ದು ಅಡಗ್ತದೆ ಅಂತ ಅಂಗಡಿಯವ್ರೇ ಬಿಟ್ಟುಕೊಟ್ರು" ಎಂದರು ಮಿತ್ರರು. ಕೆಲವು ದಿನ ಸದ್ದು ಅಡಗಿಯೂ ಇತ್ತಂತೆ. ಬಳಿಕ ಆ ಎಣ್ಣೆಯು ಧೂಳನ್ನೆಲ್ಲ ಹೀರಿ, ಅಲಗುಗಳಿಗೆ ಕಂದು ಮೇಣದಂತೆ ಅಂಟಿ, ಚಕ್ರದ ಒಂದು ಪಾರ್ಶ್ವವು ಭಾರವಾಗಿ, ಫ್ಯಾನು ಮೊದಲಿಗಿಂತಲೂ ಕರ್ಕಶವಾಗಿ ನಡುಗತೊಡಗಿತ್ತು. ತಲೆಗೆ ಹಚ್ಚುವ ಎಣ್ಣೆಯನ್ನು ನಿಮಿಷಕ್ಕೆ ಸಾವಿರಾರು ಸುತ್ತು ತಿರುಗುವ ಸೂಕ್ಷ್ಮವಾದ ಬೇರಿಂಗಿಗೆ ಸುರಿಯುವ ಕೈಗಳಿಗೆ ಆ ಬೇರಿಂಗಿನ ವಿಷಯದಲ್ಲಿ ಕಿಂಚಿತ್ತೂ ಕನಿಕರವಿಲ್ಲವೆಂದೇ ನಾನು ಹೇಳುತ್ತೇನೆ. ಇನ್ನು ಕೆಲವರು ಪಂಕ್ಚರ್ ಅಂಗಡಿಯ ಕಂಪ್ರೆಸರಿನ ಮುಂದೆ ಯಂತ್ರವನ್ನು ಹಿಡಿದು ಗಾಳಿ ಹೊಡೆಸುವರು. ಒತ್ತಿದ ಗಾಳಿಯಲ್ಲಿನ ತೇವವು ನೀರಾಗಿ ಟಾಂಕಿಯಲ್ಲಿ ನಿಲ್ಲುವುದು ಎಲ್ಲೆಡೆಯೂ ಉಂಟು. ನಮ್ಮ ಕರಾವಳಿಯ ಮಳೆಗಾಲದಲ್ಲಂತೂ ಕೇಳಬೇಕಿಲ್ಲ. ಆ ನೀರು ಸರ್ಕ್ಯೂಟಿನ ಮೇಲೆ ಸಿಂಪಡಿಸಲ್ಪಡುವುದಲ್ಲದೆ, ತಡೆಯಿಲ್ಲದ ಚಕ್ರವು ತನ್ನ ಮಿತಿಯನ್ನು ಮೀರಿ ಸುತ್ತಿ ಬೇರಿಂಗನ್ನು ಸವೆಯಿಸುತ್ತದೆ. ಗಾಳಿ ಹಾಯಿಸುವಾಗ ಅಲಗುಗಳ ನಡುವೆ ಒಂದು ಹಲ್ಲುಕಡ್ಡಿಯನ್ನು ಸಿಕ್ಕಿಸುವಷ್ಟು ವ್ಯವಧಾನವೂ ಇಲ್ಲದವರು ಸ್ಕ್ರೂಡ್ರೈವರನ್ನು ಕೈಯಲ್ಲಿ ಹಿಡಿಯಬಾರದು.

ಇವರೆಲ್ಲರೂ ಸದ್ದನ್ನು ಆಲಿಸುವ ಮೊದಲೇ ಅಡಗಿಸಲು ಹೊರಡುತ್ತಾರೆಂಬುದೇ ನನ್ನ ಮುಖ್ಯ ತಕರಾರು. ಯಾವುದೋ ಪ್ರೋಗ್ರಾಂ ಹಿನ್ನೆಲೆಯಲ್ಲಿ ಪ್ರೊಸೆಸರನ್ನು ದುಡಿಸುತ್ತಿದೆಯೇ ಎಂದು ಟಾಸ್ಕ್ ಮ್ಯಾನೇಜರಿನಲ್ಲಿ ನೋಡುವುದು ಎಲ್ಲರಿಗೂ ಗೊತ್ತಿರುವ ಸಂಗತಿ, ಅದನ್ನು ಬಿಡೋಣ. ಆ ಬಳಿಕ ನಾನು ಮಾಡುವುದಿಷ್ಟು: ಯಂತ್ರವನ್ನು ಮೇಜಿನಿಂದ ಎತ್ತಿ, ತಳದ ರಂಧ್ರಗಳಿಗೆ ಯಾವ ಅಡ್ಡಿಯೂ ಇಲ್ಲದಂತೆ ಗಾಳಿಯಲ್ಲಿ ಹಿಡಿದು, ಮೊದಲು ಸಮತಲವಾಗಿ, ಬಳಿಕ ಎಡಕ್ಕೂ ಬಲಕ್ಕೂ ಓರೆಯಾಗಿ, ಕೊನೆಗೆ ನೆಟ್ಟಗೆ ನಿಲ್ಲಿಸಿ, ಪ್ರತಿಯೊಂದು ಭಂಗಿಯಲ್ಲೂ ಧ್ವನಿಯನ್ನು ಗಮನಿಸುತ್ತೇನೆ. ಬೇರಿಂಗು ಸವೆದಿದ್ದ ಪಕ್ಷದಲ್ಲಿ, ಅಚ್ಚು ತನ್ನ ಭಾರದಿಂದ ಆಚೀಚೆ ಸರಿಯುವುದಾದಕಾರಣ, ಭಂಗಿ ಬದಲಾದಂತೆ ಸದ್ದೂ ಬದಲಾಗುವುದು: ಒಂದೆಡೆ ಗರಗರ, ಮತ್ತೊಂದೆಡೆ ಕಿರಿಕಿರಿ, ಇನ್ನೊಂದೆಡೆ ಮೌನ. ಹೇಗೆ ತಿರುಗಿಸಿದರೂ ಒಂದೇ ಸಮನೆ ಭೋರೆನ್ನುತ್ತಿದ್ದರೆ ಅದು ಗಾಳಿಯದೇ ಧ್ವನಿ. ಫ್ಯಾನು ನಿರ್ದೋಷಿ, ದಾರಿ ಮುಚ್ಚಿದೆ. ಸಂದೇಹವುಳಿದರೆ ಉದ್ದವಾದ ಪೆನ್ಸಿಲಿನ ಒಂದು ತುದಿಯನ್ನು ಫ್ಯಾನಿನ ನೇರಕ್ಕೆ ಕವಚದ ಮೇಲಿಟ್ಟು, ಇನ್ನೊಂದು ತುದಿಗೆ ಕಿವಿಗೊಡುವುದು. ಹೊರಗಿನ ಮಳೆಯ ಆರ್ಭಟದ ನಡುವೆಯೂ ಮರವು ಬೇರಿಂಗಿನ ಧ್ವನಿಯನ್ನು ಸ್ಪಷ್ಟವಾಗಿ ಸಾಗಿಸುತ್ತದೆ. ನನ್ನ ಕೈಗೆ ಬಂದವುಗಳಲ್ಲಿ ಬಹುಭಾಗ ನಿರ್ದೋಷಿಗಳೇ ಆಗಿರುತ್ತವೆ. ಪ್ರೊಸೆಸರಿನ ಶಾಖವು ತಾಮ್ರದ ಕೊಳವೆಯ ಮೂಲಕ ಹೀಟ್ ಸಿಂಕಿನ ತೆಳುವಾದ ರೆಕ್ಕೆಗಳಿಗೆ ಬಂದು, ಅಲ್ಲಿಂದ ಗಾಳಿಗೆ ಸೇರಬೇಕಷ್ಟೆ. ಆ ದಾರಿ ಕಟ್ಟಿದಾಗ ಯಂತ್ರಕ್ಕೆ ತಾನು ಬೇಯುತ್ತಿರುವುದನ್ನು ತಿಳಿಸಲು ಫ್ಯಾನಿನ ವೇಗವೊಂದನ್ನುಳಿದು ಬೇರೆ ಬಾಯಿಯೇ ಇಲ್ಲ. ಅಂಥ ಅಹವಾಲನ್ನು ಕೇಳದೆ, ತಂತ್ರಾಂಶದಿಂದ ಫ್ಯಾನಿನ ವೇಗವನ್ನು ಬಲವಂತವಾಗಿ ಇಳಿಸಿ "ರಿಪೇರಿ ಆಯಿತು" ಎನ್ನುವವರನ್ನು ಕಂಡರೆ ನನ್ನ ಸಹನೆ ಉಳಿಯುವುದಿಲ್ಲ. ದಾರಿಯನ್ನು ತೆರವುಗೊಳಿಸಿ, ಒಣಗಿದ ಥರ್ಮಲ್ ಪೇಸ್ಟನ್ನು ಒರೆಸಿ ಹೊಸತನ್ನು ಹಚ್ಚಿದರೆ ವೇಗವು ತಾನಾಗಿಯೇ ಇಳಿಯುವುದು. ವೇಗವು ಅರ್ಧಕ್ಕಿಳಿದರೆ ಸದ್ದು ಸುಮಾರು 15 ಡೆಸಿಬೆಲ್‌ನಷ್ಟು ಕುಗ್ಗುವುದು.

ದಾರಿಯನ್ನು ಕಟ್ಟುವ ವಸ್ತುವು ಹೊರಗಿನಿಂದ ಕಾಣುವುದಿಲ್ಲ. ಫ್ಯಾನನ್ನು ಅದರ ಗೂಡಿನಿಂದ ಬಿಡಿಸಿ ತೆಗೆದಾಗ, ರೆಕ್ಕೆಗಳ ಒಳಮೈಗೆ ಒತ್ತಿ ಕೂತ, ಬೂದುಬಣ್ಣದ, ಕಂಬಳಿಯಂಥ ಒಂದು ಪಟ್ಟಿ ಇಡಿಯಾಗಿ ಚಿಮಟಕ್ಕೆ ಸಿಕ್ಕಿ ಬರುವುದು. ಆ ಕ್ಷಣದ ತೃಪ್ತಿಗೆ ಸಮನಾದದ್ದನ್ನು ನಾನರಿಯೆ. ಘಟ್ಟದ ಮೇಲಣ ಯಲ್ಲಾಪುರದ ಯಂತ್ರಗಳಲ್ಲಿ ಈ ಪಟ್ಟಿಯು ಒಣಗಿದ್ದು, ಊದಿದರೆ ಚೆದರುವುದು. ನಮ್ಮ ಕಡೆಯದಾದರೋ ಹಸಿಯಾಗಿ, ಚೀರೆಕಲ್ಲಿನ ಕೆಂಧೂಳು ಬೆರೆತು, ಗಟ್ಟಿಯಾಗಿರುವುದು. ಇದಕ್ಕೆ ಉಪ್ಪೇ ಕಾರಣವಿರಬೇಕೆಂದು ಬಗೆದು, ಅಂಕೋಲೆಯ ಪಟ್ಟಿಯೊಂದರ ಚೂರನ್ನು ಬ್ಯಾಟರಿ ಅಂಗಡಿಯ ಶುದ್ಧಜಲದಲ್ಲಿ ನೆನೆಸಿ, ಸೋಸಿ, ಸಿಲ್ವರ್ ನೈಟ್ರೇಟಿನ ಹನಿಗಳನ್ನು ಬಿಟ್ಟೆ. ಪ್ರಣಾಳದ ತುಂಬ ಬೆಳ್ಳಗಿನ ಗಷ್ಟು ಇಳಿಯಿತು. ಯಲ್ಲಾಪುರದ ಚೂರು ಅಷ್ಟೇ ನೀರಿನಲ್ಲಿ ಮಸುಕಾಯಿತಷ್ಟೆ, ಗಷ್ಟು ಕಟ್ಟಲಿಲ್ಲ. ಬಳಸುವವರ ಬೆವರಿನಲ್ಲಿಯೂ ಉಪ್ಪುಂಟೆಂಬುದು ನಿಜ. ಆದರೆ ಇಷ್ಟು ದೊಡ್ಡ ಅಂತರವನ್ನು ಬೆವರೊಂದರಿಂದ ವಿವರಿಸಲಾಗದೆಂದು ನನ್ನ ಮತ.

ಗಾಳಿಯ ತೇವಾಂಶವು ಸುಮಾರು ಶೇಕಡಾ 75ನ್ನು ದಾಟಿದೊಡನೆ ಅಡುಗೆಯುಪ್ಪು ತಾನಾಗಿ ನೀರನ್ನು ಸೆಳೆದು ಕರಗತೊಡಗುವುದು. ಕಾರವಾರದ ಮಳೆಗಾಲದ ಗಾಳಿಯು ಬಹುತೇಕ ಆ ಎಲ್ಲೆಯ ಮೇಲೆಯೇ ಇರುವುದು. ಆಗ ಧೂಳಿನೊಳಗಣ ಉಪ್ಪು ಅಂಟಾಗಿ ನೂಲಿನೆಳೆಗಳನ್ನೂ ಮಣ್ಣನ್ನೂ ಒಟ್ಟಿಗೆ ಹಿಡಿದುಕೊಳ್ಳುತ್ತದೆ, ಯಂತ್ರದ ಶಾಖಕ್ಕೆ ಒಣಗಿ ಗಡುಸಾಗುತ್ತದೆ, ಮರುರಾತ್ರಿ ಮತ್ತೆ ನೆನೆಯುತ್ತದೆ. ಗೋಕರ್ಣದ ಬಳಿಯ ಸಾಣಿಕಟ್ಟೆಯಲ್ಲಿ ಮಳೆ ಬಂದೊಡನೆ ಉಪ್ಪಿನ ಗದ್ದೆಗಳ ಕೆಲಸ ನಿಲ್ಲುವುದು. ಅದೇ ಕಾಲಕ್ಕೆ ನೈಋತ್ಯದ ಗಾಳಿಗೆ ತೆರೆಗಳೊಡೆದು, ನೊರೆಯ ಗುಳ್ಳೆಗಳು ಸಿಡಿದು, ಕಣ್ಣಿಗೆ ಕಾಣದ ಉಪ್ಪಿನ ಕಣಗಳು ಒಳನಾಡಿಗೆ ಹಾರಿಬರುವ ಇನ್ನೊಂದು ಸುಗ್ಗಿ ಮೊದಲಾಗುವುದು. 1930ರಲ್ಲಿ ಯಾವ ಉಪ್ಪಿಗಾಗಿ ಅಂಕೋಲೆಯ ಜನ ಸರಕಾರದ ಕಾನೂನನ್ನು ಮುರಿದು ಸೆರೆಮನೆಗೆ ನಡೆದರೋ ಆ ಉಪ್ಪನ್ನು ಕಡಲು ಯಾವ ಕರವನ್ನೂ ಕೇಳದೆ ನಮ್ಮ ಮನೆಮನೆಯ ಕಿಟಕಿಗಳಿಗೆ ತಂದು ಸುರಿಯುತ್ತಿದೆ.

ಕಡಲಿನಿಂದ ದೂರ ಸರಿದಂತೆ ಪಟ್ಟಿಯ ಉಪ್ಪು ಎಷ್ಟೆಷ್ಟು ಕಡಿಮೆಯಾಗುವುದೆಂಬುದು ಈಗ ನನ್ನ ಚಿತ್ತವನ್ನು ಸಂಪೂರ್ಣವಾಗಿ ಹಿಡಿದಿರುವ ಪ್ರಶ್ನೆ. ಬೇಲೇಕೇರಿಯ ದಂಡೆಯಿಂದ ಒಂದು, ಅಂಕೋಲೆಯ ಪೇಟೆಯಿಂದ ಒಂದು, ಸುಂಕಸಾಳ, ರಾಮನಗುಳಿಗಳಿಂದ ಒಂದೊಂದು, ಹೀಗೆ ಯಲ್ಲಾಪುರದ ದಾರಿಯುದ್ದಕ್ಕೂ ಪಟ್ಟಿಗಳು ಬೇಕು. ಆ ಊರುಗಳಲ್ಲಿ ಯಾರದಾದರೂ ಲ್ಯಾಪ್‌ಟಾಪು ಮೊರೆಯುತ್ತಿದ್ದರೆ ದಯಮಾಡಿ ಎಣ್ಣೆ ಬಿಡಬೇಡಿ, ಕಂಪ್ರೆಸರಿನ ಮುಂದೆ ಹಿಡಿಯಬೇಡಿ. ಬಿಚ್ಚದೆ ನನ್ನಲ್ಲಿಗೆ ತನ್ನಿ. ಬಿಚ್ಚಿ ಶುಚಿಗೊಳಿಸಿ ಹಿಂದಿರುಗಿಸುವೆನು; ಪಟ್ಟಿಯನ್ನು ಮಾತ್ರ ನಾನು ಇಟ್ಟುಕೊಳ್ಳುವೆನು.